ಎರಡನೇ ಸಲ ಕೇಳದವರು

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐವತ್ತೆರಡು ವರ್ಷದ ಈ ಬಾಳಿನಲ್ಲಿ ನಾನು ಯಾರ ಮನೆಯಲ್ಲೂ, ಕೇಳಿದ ಮೊದಲ ಸಲಕ್ಕೇ "ಹ್ಞೂ, ಕಾಫಿ ಕೊಡಿ" ಎಂದವನಲ್ಲ. "ಅಯ್ಯೋ ಬೇಡ, ಈಗ ತಾನೇ ಆಯಿತು" ಎನ್ನುತ್ತೇನೆ. ಆಗಿರುವುದಿಲ್ಲ. ಅವರು "ಅರ್ಧ ಲೋಟ" ಎನ್ನುತ್ತಾರೆ. "ಸುಮ್ಮನೆ ನಿಮಗೆ ತೊಂದರೆ" ಎನ್ನುತ್ತೇನೆ. ಅಷ್ಟರಲ್ಲಿ ಒಳಗೆ ಹಾಲಿನ ಪಾತ್ರೆ ಒಲೆಯ ಮೇಲೆ ಕೂತ ಸದ್ದು ಕೇಳಿಸುತ್ತದೆ, ನನ್ನ ಮನಸ್ಸು ತಣ್ಣಗಾಗುತ್ತದೆ. ಮದುವೆಯ ಊಟದಲ್ಲಂತೂ ಎಲೆಗೆ ಎರಡೂ ಕೈ ಅಡ್ಡ ಹಿಡಿದು "ಸಾಕು, ಸಾಕು" ಎಂದು ಕೂಗಿಕೊಳ್ಳುತ್ತಲೇ, ಒಂದು ಹೋಳಿಗೆ ಇಳಿಯುವಷ್ಟು ಸಂದನ್ನು ಕೈಗಳ ನಡುವೆ ಬಿಟ್ಟಿರುತ್ತೇನೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ನಮ್ಮಲ್ಲಿ ಬಡಿಸುವವರಿಗೂ ಗೊತ್ತು, ಬಡಿಸಿಕೊಳ್ಳುವವರಿಗೂ ಗೊತ್ತು. ಬೇಡ ಎಂದ ಕೂಡಲೇ ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋಗುವವನಿಗೆ ಒಂದೋ ಬಡಿಸಿ ಅಭ್ಯಾಸವಿಲ್ಲ, ಇಲ್ಲವೋ ನಮ್ಮ ಕಡೆಯವರ ಮೇಲೆ ಏನೋ ಸಿಟ್ಟಿದೆ.

ಈ ಅಭ್ಯಾಸದಿಂದ ನನಗೆ ಪೆಟ್ಟು ಬಿದ್ದದ್ದು ಇದೇ ಮೊದಲೇನಲ್ಲ. ಹೆಣ್ಣು ನೋಡಲು ವಿಮಲಾಳ ಮನೆಗೆ ಹೋದ ದಿನ ನಮ್ಮತ್ತೆ, ಆಗಿನ್ನೂ ಅತ್ತೆಯಾಗಿರಲಿಲ್ಲ, ತುಪ್ಪ ಜಿನುಗುತ್ತಿದ್ದ ಕೇಸರಿಬಾತಿನ ತಟ್ಟೆಯನ್ನು ಮುಂದಿಟ್ಟರು. ನಾನು ವಾಡಿಕೆಯಂತೆ ಬೇಡ ಎಂದೆ. ಅವರು "ಪಾಪ, ಹೊಟ್ಟೆ ತುಂಬಿರ್ಬೇಕು" ಎಂದು ತಟ್ಟೆಯನ್ನು ಹಾಗೇ ಒಳಗೆ ತೆಗೆದುಕೊಂಡು ಹೋಗಿಬಿಟ್ಟರು. ವಾಪಸು ಬರುವಾಗ ಜಾಲಹಳ್ಳಿ ಕ್ರಾಸಿನ ಹೋಟೆಲಿನಲ್ಲಿ ಎರಡು ಪ್ಲೇಟು ಕೇಸರಿಬಾತು ತಿಂದು ಮನೆ ಸೇರಿದೆ. ಆ ಮನೆಯಲ್ಲಿ ಇವತ್ತಿಗೂ ನನ್ನನ್ನು ಬಹಳ ಮಿತವಾಗಿ ತಿನ್ನುವ ಅಳಿಯ ಎಂದು ಹೊಗಳುತ್ತಾರೆ, ಅಷ್ಟೇ ಬಡಿಸುತ್ತಾರೆ. ಆವತ್ತೇ ನಾನು ಪಾಠ ಕಲಿಯಬೇಕಿತ್ತು.

ನಾನು ಕೆಲಸ ಮಾಡುವುದು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ. ನೀರಿನ ಪೈಪುಗಳಿಗೆ ಹಾಕುವ ವಾಲ್ವುಗಳನ್ನು ಮಾಡುತ್ತೇವೆ. ನಾನು ಕ್ವಾಲಿಟಿ ವಿಭಾಗದಲ್ಲಿ ಸೂಪರ್‌ವೈಸರು. ನನ್ನ ಕೈಕೆಳಗೆ ಎಂಟು ಜನ. ಮೊದಲು ಇದರ ಒಡೆತನ ನಾವು 'ದೊಡ್ಡ ಯಜಮಾನರು' ಎನ್ನುತ್ತಿದ್ದವರ ಕೈಯಲ್ಲಿತ್ತು. ಅವರ ಕಾಲದಲ್ಲಿ ಯಾರೂ ಬಾಯಿಬಿಟ್ಟು ಏನನ್ನೂ ಕೇಳಬೇಕಾಗಿರಲಿಲ್ಲ. ನನ್ನ ಮಗಳಿಗೆ ಹಾಸನದಲ್ಲಿ ಕಾಲೇಜಿನ ಸೀಟು ಸಿಕ್ಕಾಗ ಮೆಷಿನ್ನಿನ ಪಕ್ಕ ನಿಂತು "ಏನಾದ್ರೂ ಬೇಕೇನಯ್ಯ ಮೂರ್ತಿ?" ಎಂದರು. "ಏನೂ ಬೇಡ ಸಾರ್, ನಿಮ್ಮ ಆಶೀರ್ವಾದ ಇದ್ರೆ ಸಾಕು" ಎಂದೆ. "ಆಶೀರ್ವಾದ ಹಾಸ್ಕೊಂಡು ಹಾಸ್ಟೆಲ್ನಲ್ಲಿ ಮಲಗಕ್ಕಾಗುತ್ತೇನಯ್ಯ? ಸುಮ್ನಿರು" ಎಂದು ಗದರಿದರು. ಮಾರನೆಯ ದಿನ ಕಂಪನಿಯ ಟೆಂಪೋದಲ್ಲಿ ಹಾಸಿಗೆ, ದಿಂಬು, ಒಂದು ಸೂಟ್‌ಕೇಸು ಬಾಗಲಗುಂಟೆಯ ನಮ್ಮ ಮನೆ ಬಾಗಿಲಿಗೆ ಬಂದವು. ವಿಮಲಾ ಅತ್ತೇಬಿಟ್ಟಳು. ಅದೇ ಯಜಮಾನರು ಭಾನುವಾರ ಬಾ ಎಂದರೆ ಬರಬೇಕಿತ್ತು, ನಾಮಕರಣವಿರಲಿ, ತಿಥಿಯಿರಲಿ. ಅದನ್ನು ಮಾತ್ರ ನಾವು ಈಗ ನೆನಪಿಸಿಕೊಳ್ಳುವುದಿಲ್ಲ.

ಎರಡು ವರ್ಷದ ಹಿಂದೆ ಯಜಮಾನರು ವಯಸ್ಸಾಯಿತೆಂದು ಕಂಪನಿಯನ್ನು ಹಾಲೆಂಡಿನವರಿಗೆ ಮಾರಿದರು. ಅಲ್ಲಿಂದ ಹೆಂಡ್ರಿಕ್ ಎಂಬವರು ಮುಖ್ಯಸ್ಥರಾಗಿ ಬಂದರು. ನಮ್ಮ ಬಾಗಿಲುಗಳಲ್ಲಿ ತಲೆ ಬಗ್ಗಿಸಿಯೇ ಓಡಾಡಬೇಕಾದಷ್ಟು ಎತ್ತರ. ಬಂದ ಮೊದಲ ದಿನವೇ "ಸಾರ್ ಬೇಡ, ಹೆಸರು ಹಿಡಿದು ಕರೆಯಿರಿ" ಎಂದರು. ನಾವು ಅವರ ಮಾತನ್ನು ತೆಗೆದುಹಾಕಬಾರದೆಂದು ಅಂದಿನಿಂದ 'ಹೆಂಡ್ರಿಕ್ ಸಾರ್' ಎಂದು ಕರೆಯುತ್ತಿದ್ದೇವೆ. ಒಳ್ಳೆಯ ಮನುಷ್ಯ. ಸಂಜೆ ಐದಕ್ಕೆ ಎಲ್ಲರನ್ನೂ ಮನೆಗೆ ಅಟ್ಟುತ್ತಾರೆ, ಭಾನುವಾರ ಫೋನನ್ನೇ ಮಾಡುವುದಿಲ್ಲ. ಆದರೆ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನೆದುರು ಕೂತು ಬಿಸ್ಕತ್ತಿನ ಡಬ್ಬಿ ತೆರೆದು "ಒಂದು ತೆಗೆದುಕೊಳ್ಳುತ್ತೀರಾ?" ಎಂದರು. ನಾನು "ಬೇಡ, ಥ್ಯಾಂಕ್ಯೂ" ಎಂದೆ. ಅವರು ಡಬ್ಬಿ ಮುಚ್ಚಿ ಬ್ಯಾಗಿಗೆ ಹಾಕಿಕೊಂಡರು. ನಾನು ಬಹಳ ಹೊತ್ತು ಆ ಬ್ಯಾಗನ್ನೇ ನೋಡುತ್ತಾ ಕೂತಿದ್ದೆ.

ಹೋದ ವರ್ಷ ದಸರೆಯ ಹೊತ್ತಿಗೆ ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾದರು. ಆ ಜಾಗ ನನಗೇ ಎಂಬುದು ಗೇಟಿನ ಸೆಕ್ಯುರಿಟಿಯವರಿಗೂ ಗೊತ್ತಿತ್ತು. ಇಪ್ಪತ್ತೆರಡು ವರ್ಷ ನಾನು ಅದಕ್ಕೇ ಕಾದಿದ್ದೆ. ವಿಮಲಾ ಆಗಲೇ ತನ್ನ ತಂಗಿಗೆ ಫೋನಿನಲ್ಲಿ "ಇವ್ರೇ ಕಣೇ ಇನ್ಮೇಲೆ ಹೆಡ್ಡು" ಎಂದುಬಿಟ್ಟಿದ್ದಳು. ಆಗ ಕಂಪ್ಯೂಟರಿನಲ್ಲಿ ಒಂದು ಫಾರಂ ಬಂತು. ನಮ್ಮ ಕೆಲಸಕ್ಕೆ ನಾವೇ ಐದಕ್ಕೆ ಎಷ್ಟು ಅಂಕ ಎಂದು ಕೊಟ್ಟುಕೊಳ್ಳಬೇಕಂತೆ. ಇದೆಂಥಾ ಸಂಕಟ ನೋಡಿ. ತನ್ನನ್ನು ತಾನೇ ಹೊಗಳಿಕೊಳ್ಳುವವನನ್ನು ನಾವು ಏನೆಂದು ಕರೆಯುತ್ತೇವೆ? ನಾನು ಎಲ್ಲ ಸಾಲಿಗೂ ಎರಡೆರಡು ಹಾಕಿದೆ. ನಿಮ್ಮ ಶಕ್ತಿಗಳೇನು ಎಂಬಲ್ಲಿ 'ದೇವರ ದಯೆ, ಹಿರಿಯರ ಮಾರ್ಗದರ್ಶನ' ಎಂದು ಇಂಗ್ಲಿಷಿನಲ್ಲಿ ಬರೆದೆ. ನಿಮ್ಮ ಕೊರತೆಗಳೇನು ಎಂಬ ಜಾಗ ಸಾಲದೆ ಇನ್ನೊಂದು ಹಾಳೆ ಸೇರಿಸಿದೆ. ಕಂಪನಿಯಿಂದ ಏನು ನಿರೀಕ್ಷಿಸುತ್ತೀರಿ ಎಂದಿತ್ತು, ಏನೂ ಇಲ್ಲ ಎಂದೆ. ಕಡೆಯಲ್ಲಿ, ಖಾಲಿಯಾಗಿರುವ ಮುಖ್ಯಸ್ಥರ ಹುದ್ದೆಗೆ ನಿಮ್ಮನ್ನು ಪರಿಗಣಿಸಬೇಕೆ, ಹೌದು ಅಥವಾ ಇಲ್ಲ ಎಂದಿತ್ತು. ಹೌದು ಎಂದು ಒತ್ತಲು ನನ್ನ ಕೈಯೇ ಬರಲಿಲ್ಲ. ಹೊಟ್ಟೆಬಾಕನಂತೆ ಎಲೆಯ ಮುಂದೆ ಕೂತು ನನಗೆ ಹಾಕಿ ಹಾಕಿ ಎಂದು ಕೂಗಿದ ಹಾಗಾಗುತ್ತದೆ. 'ಇಲ್ಲ' ಎಂದು ಒತ್ತಿ, ಕರೆದು ಬಲವಂತ ಮಾಡುತ್ತಾರೆ ಎಂದು ನೆಮ್ಮದಿಯಿಂದ ಮನೆಗೆ ಹೋದೆ.

ಕರೆದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಹೆಂಡ್ರಿಕ್ ಸಾರ್ ಫಾರಂ ಪೂರ್ತಿ ಓದಿದ್ದರು, ಸೇರಿಸಿದ್ದ ಹಾಳೆಯನ್ನೂ ಬಿಡದೆ. "ಇಷ್ಟು ಪ್ರಾಮಾಣಿಕವಾಗಿ ತಮ್ಮ ಬಗ್ಗೆ ಬರೆದವರನ್ನು ನಾನು ನೋಡೇ ಇಲ್ಲ" ಎಂದರು. ನಾನು ನೆಲ ನೋಡಿದೆ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. "ಮುಖ್ಯಸ್ಥರ ಹುದ್ದೆ ಬೇಡ ಎಂದಿದ್ದೀರಿ. ನಿಮ್ಮ ನಿರ್ಧಾರವನ್ನು ನಾನು ಗೌರವಿಸುತ್ತೇನೆ" ಎಂದರು. ನಾನು ಕೆಮ್ಮಿದೆ. ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು. ಮತ್ತೆ ಕೆಮ್ಮಿದೆ. ಕಿಟಕಿ ತೆರೆದರು. ಅಲ್ಲಿಗೆ ಮುಗಿಯಿತು. ಹುದ್ದೆ ಪ್ರವೀಣನ ಪಾಲಾಯಿತು. ನಾನೇ ಮೈಕ್ರೋಮೀಟರು ಹಿಡಿಯುವುದನ್ನು ಹೇಳಿಕೊಟ್ಟ ಹುಡುಗ, ಈಗ ಅವನಿಗೆ ಮೂವತ್ತು ವರ್ಷ. ಅವನು ಎಲ್ಲ ಸಾಲಿಗೂ ಐದೈದು ಹಾಕಿಕೊಂಡಿದ್ದನಂತೆ. ಮೇಲಾಗಿ, ನಾನು ಬರೆದಿದ್ದ ಕೊರತೆಗಳ ಪಟ್ಟಿಯನ್ನು ನೋಡಿ ಮರುಗಿದ ಹೆಂಡ್ರಿಕ್ ಸಾರ್, ನನ್ನನ್ನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಡೆಯುವ ಎರಡು ದಿನದ ಆತ್ಮವಿಶ್ವಾಸ ತರಬೇತಿಗೆ ಹಾಕಿದರು.

ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವವನಿಗೆ ಮೊದಲೇ ಇದ್ದ ಆತ್ಮವಿಶ್ವಾಸವೂ ದಾರಿಯಲ್ಲೇ ಸೋರಿಹೋಗುತ್ತದೆ. ಅಲ್ಲಿ ನನ್ನ ಮಗಳ ವಯಸ್ಸಿನವರ ನಡುವೆ ನಿಲ್ಲಿಸಿ, ಕೈಗೊಂದು ಕನ್ನಡಿ ಕೊಟ್ಟು, "ನಾನು ಅರ್ಹ, ಇದು ನನಗೆ ಬೇಕು" ಎಂದು ಜೋರಾಗಿ ಹತ್ತು ಸಲ ಹೇಳಿಸಿದರು. ನಾನು ಪಿಸುಗುಟ್ಟಿದೆ. "ಅಂಕಲ್, ಹೊಟ್ಟೆಯಿಂದ ಬರ್ಲಿ ವಾಯ್ಸು" ಎಂದಳು ಹೇಳಿಕೊಡುವ ಹುಡುಗಿ. ಮಧ್ಯಾಹ್ನದ ಊಟ ನಿಂತು ಬಡಿಸಿಕೊಳ್ಳುವ ಊಟ. ಯಾರೂ ಬಲವಂತ ಮಾಡುವವರಿಲ್ಲ. ಜಾಮೂನಿನ ಪಾತ್ರೆಯ ಮುಂದೆ ಎರಡನೇ ಸಲ ಹೋಗಲು ನಾಚಿಕೆಯಾಗಿ, ಅರ್ಧ ಹೊಟ್ಟೆಯಲ್ಲಿ ಮನೆಗೆ ಬಂದೆ. ವಿಮಲಾ ಬಾಗಿಲು ತೆಗೆದವಳೇ "ಬೇಡ ಅಂತ ನೀವೇ ಬರ್ಕೊಟ್ಟು, ಈಗ ಅವ್ರನ್ ಬೈದ್ರೆ? ನಮ್ಮಮ್ಮ ಆವತ್ತು ತಟ್ಟೆ ಎತ್ಕೊಂಡ್ ಹೋದಾಗ್ಲೇ ಬುದ್ಧಿ ಬರ್ಬೇಕಿತ್ತು" ಎಂದಳು. ತಂಗಿಗೆ ಏನು ಹೇಳುವುದು ಎಂಬುದು ಅವಳ ಸಂಕಟ.

ಮನೆಯಲ್ಲಿ ನಡೆಯದ ನನ್ನ ಮಾತು ಗೇಟಿನ ಎದುರಿನ ಟೀ ಅಂಗಡಿಯಲ್ಲಿ ನಡೆಯುತ್ತದೆ. ಮಾರನೆಯ ದಿನ ಟೀ ಬಿಡುವಿನಲ್ಲಿ ನಾನು ಅಲ್ಲಿ ಭಾಷಣವನ್ನೇ ಮಾಡಿದೆ. "ನಮ್ ದೇಶದಲ್ಲಿ ಯಜಮಾನ ಅಂದ್ರೆ ಯಾರು ಗುರು? ಮನೆ ಹಿರೀಕ. ಕೇಳ್ದೇನೇ ಕೊಡೋನು. ಇವ್ರಿಗೇನಿದೆ? ಕಾಗದದ ಮೇಲೆ ಬೇಕು ಅಂತಿದ್ರೆ ಬೇಕು, ಬೇಡ ಅಂತಿದ್ರೆ ಬೇಡ. ಬಾಯ್ಬಿಟ್ಟು ಕೇಳಿದ್ರೆ ಮಾತ್ರ ಕೊಡೋದು. ಮುಖ ನೋಡಿ ಮನಸ್ಸು ತಿಳ್ಕೊಳ್ಳೋ ಅಭ್ಯಾಸಾನೇ ಇಲ್ಲ ಆ ಜನಕ್ಕೆ." ಸ್ಟೋರ್ಸಿನ ನಾಗರಾಜ "ಕರುಳೇ ಇಲ್ಲ ಬಿಡಿ ಸಾರ್" ಎಂದು ಒಗ್ಗರಣೆ ಹಾಕಿದ. ಪಕ್ಕದಲ್ಲಿ ನಮ್ಮ ವಿಭಾಗದ ಮುನಿರತ್ನಮ್ಮ ಇದ್ದರು. ನಿಲ್ಲಿಸಿದ್ದ ಯಾರದೋ ಸ್ಕೂಟರಿಗೆ ಒರಗಿ, ಒಂದು ಕೈಯಲ್ಲಿ ಟೀ ಹಿಡಿದು, ಇನ್ನೊಂದು ಕೈಯಲ್ಲಿ ಮಂಡಿ ನೀವಿಕೊಳ್ಳುತ್ತಾ, ಒಂದು ಮಾತೂ ಬಿಡದೆ ಕೇಳಿಸಿಕೊಂಡರು.

ಮುನಿರತ್ನಮ್ಮನ ಬಗ್ಗೆ ಹೇಳಬೇಕು. ಆಕೆ ಇದೇ ನೆಲದವರು. "ನಿಮ್ ಕ್ಯಾಂಟೀನು ಐತಲ್ಲ ಸಾರ್, ಅದು ನಮ್ ಮಾವನೋರ ರಾಗಿ ಒಲ" ಎಂದು ಸೇರಿದ ಹೊಸದರಲ್ಲಿ ಹೇಳಿದ್ದರು, ದೂರಿನ ದನಿಯಲ್ಲೇನಲ್ಲ, ವಿಳಾಸ ಹೇಳುವವರ ಹಾಗೆ. ಹನ್ನೊಂದು ವರ್ಷದಿಂದ ತಪಾಸಣೆಯ ಮೇಜಿನ ಮುಂದೆ ನಿಂತು ವಾಲ್ವುಗಳನ್ನು ನೋಡುತ್ತಿದ್ದಾರೆ. ನೋಡುವುದು ಎಂದರೂ ತಪ್ಪೇ. ಬೆರಳಿನಿಂದ ಒಮ್ಮೆ ಸವರಿ, ಕಣ್ಣಿಗೆ ಕಾಣದ ಗೀರನ್ನೂ ಹಿಡಿದು ಬದಿಗೆ ಎಸೆಯುತ್ತಾರೆ. ಆಕೆ ಮೇಜಿನ ಮುಂದೆ ಇದ್ದರೆ ನನಗೆ ನಿಶ್ಚಿಂತೆ. ಗಿರಾಕಿಗಳಿಂದ ಒಂದು ವಾಲ್ವೂ ವಾಪಸು ಬರುವುದಿಲ್ಲ.

ದಿನಗಳು ಕಳೆದರೂ ನನ್ನ ಉರಿ ಆರಲಿಲ್ಲ. ದೀಪಾವಳಿ ಮುಗಿದ ಮೇಲೆ ಧೈರ್ಯ ಮಾಡಿ ಹೆಂಡ್ರಿಕ್ ಸಾರ್ ಕೋಣೆಗೆ ಹೋದೆ. ಜಾಮೂನಿನ ಪಾತ್ರೆಯ ಮುಂದೆ ಕೆಲಸಕ್ಕೆ ಬಾರದ ತರಬೇತಿ ಇಲ್ಲಿ ಸ್ವಲ್ಪ ಕೆಲಸಕ್ಕೆ ಬಂತೆಂದು ಕಾಣುತ್ತದೆ. ನನಗೆ ತಿಳಿದ ಇಂಗ್ಲಿಷಿನಲ್ಲಿ, ನಮ್ಮಲ್ಲಿ ಮೊದಲ ಸಲ ಬೇಡ ಎನ್ನುವುದು ಮರ್ಯಾದೆ, ಎರಡನೇ ಸಲ ಬೇಡ ಎನ್ನುವುದು ಸಂಕೋಚ, ಮೂರನೇ ಸಲ ಕೇಳಿದಾಗ ಮಾತ್ರ ನಿಜವಾದ ಉತ್ತರ ಹೊರಗೆ ಬರುತ್ತದೆ ಎಂದು ವಿವರಿಸಿದೆ. ಮದುವೆಯ ಊಟ, ಹೋಳಿಗೆ, ಕೈ ಅಡ್ಡ ಹಿಡಿಯುವುದು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಬೇಕು ಎಂದು ಕೇಳಿಸಿಕೊಂಡು ಕೊಡುವುದು ಯಾರು ಬೇಕಾದರೂ ಮಾಡುತ್ತಾರೆ, ಬೇಡ ಎಂದವನ ಮುಖ ಓದಿ ಕೊಡುವವನೇ ನಮಗೆ ಯಜಮಾನ ಎಂದೆ. ಮಾತು ಮುಗಿಯುವಾಗ ನನಗೇ ನನ್ನ ಮೇಲೆ ಅಭಿಮಾನ ಉಕ್ಕಿ ಬಂದಿತ್ತು.

ಹೆಂಡ್ರಿಕ್ ಸಾರ್ ನಗಲಿಲ್ಲ. ಪುಸ್ತಕ ತೆಗೆದು ಬರೆದುಕೊಂಡರು. "ನಮ್ಮಮ್ಮ ಒಂದೇ ಸಲ ಕೇಳುವುದು. ಬೇಡ ಎಂದರೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕಿಬಿಡುತ್ತಾಳೆ. ಬಂದವರು ಬೇಡ ಎಂದ ಮೇಲೂ ಕೇಳಿದರೆ ಅವರ ಮಾತನ್ನು ನಂಬದ ಹಾಗಾಗುತ್ತದೆ ಎನ್ನುತ್ತಾಳೆ" ಎಂದರು. ನನ್ನನ್ನು ಅರ್ಥ ಮಾಡಿಕೊಳ್ಳದೆ ನೋಯಿಸಿದ್ದಕ್ಕೆ ಕ್ಷಮೆಯನ್ನೂ ಕೇಳಿದರು. ನಾನು ಉದಾರವಾಗಿ ಕೈಯಾಡಿಸಿ ಪರವಾಗಿಲ್ಲ ಎಂದೆ. ಅಲ್ಲಿಗೇ ಎದ್ದು ಬಂದಿದ್ದರೆ ಈ ಪ್ರಬಂಧಕ್ಕೆ ಕೆಲಸವೇ ಇರಲಿಲ್ಲ.

"ನೀವು ಹೇಳಿದ್ದರಿಂದ ಇನ್ನೊಂದು ವಿಷಯಕ್ಕೂ ಉತ್ತರ ಸಿಕ್ಕಿತು" ಎಂದು ಅವರು ಮೇಜಿನ ಮೇಲಿದ್ದ ಒಂದು ಫೈಲನ್ನು ಎಳೆದುಕೊಂಡರು. "ಕಳೆದ ವಾರ ನಿಮ್ಮ ವಿಭಾಗದ ಮುನಿರತ್ನಮ್ಮ ಬಂದಿದ್ದರು. ಪ್ರವೀಣ್ ಜೊತೆಗಿದ್ದು ಅವರ ಮಾತನ್ನು ನನಗೆ ಹೇಳಿದರು. ಮಂಡಿ ನೋವಂತೆ, ನಿಲ್ಲಲು ಆಗುವುದಿಲ್ಲವಂತೆ, ಕೂತು ಮಾಡುವ ಕೆಲಸ ಬೇಕು ಎಂದು ಕೇಳಿದರು, ಗೇಜ್ ರೂಮಿನಲ್ಲಿ ಕೊಟ್ಟೆ. ಅವರ ಹಳೆಯ ಫೈಲು ನೋಡಿದೆ. ಗೇಜ್ ರೂಮಿನ ಕೆಲಸಕ್ಕೆ ಆಸಕ್ತಿ ಇಲ್ಲ ಎಂದು ನೀವು ಮೂರು ವರ್ಷವೂ ಬರೆದಿದ್ದೀರಿ. ಕಾಲು ನೋಯುವವರಿಗೆ ಕುರ್ಚಿ ಯಾಕೆ ಬೇಡವಾಯಿತು ಎಂದು ನನಗೆ ಅರ್ಥವಾಗಿರಲಿಲ್ಲ. ಈಗ ಆಯಿತು." ಆಮೇಲೆ, ಚುಚ್ಚಬೇಕೆಂಬ ಉದ್ದೇಶ ಒಂದಿಷ್ಟೂ ಇಲ್ಲದೆ, ಕಲಿಯುವ ಆಸೆಯಿಂದಲೇ ಕೇಳಿದರು. "ನಿಮಗೆ ಈ ಪದ್ಧತಿ ಚೆನ್ನಾಗಿ ಗೊತ್ತು. ನೀವು ಅವರನ್ನು ಎಷ್ಟು ಸಲ ಕೇಳಿದಿರಿ?"

ನಾನು ಈ ಸಲ ಕೆಮ್ಮಲೂ ಇಲ್ಲ.

ಗೇಜ್ ರೂಮು ಎಂದರೆ ಅಳತೆಯ ಉಪಕರಣಗಳನ್ನು ಸರಿನೋಡುವ ಕೋಣೆ. ತಂಪಾಗಿರುತ್ತದೆ, ಕುರ್ಚಿಯಿದೆ. ಮೂರು ವರ್ಷದಲ್ಲಿ ಮೂರು ಸಲ ಅಲ್ಲಿ ಜಾಗ ಖಾಲಿಯಾಗಿತ್ತು. ಮೂರು ಸಲವೂ ನಾನು ಮುನಿರತ್ನಮ್ಮನನ್ನು ಕೇಳಿದ್ದೆ, ನಡೆದು ಹೋಗುತ್ತಾ, ಪೂರ್ತಿ ನಿಲ್ಲದೆ. "ಮುನಿರತ್ನಮ್ಮ, ಗೇಜ್ ರೂಮಿಗೆ ಹೋಗ್ತೀರಾ?" ಆಕೆ ಕೈಯಲ್ಲಿದ್ದ ವಾಲ್ವನ್ನು ಸೆರಗಿಗೆ ಒರೆಸುತ್ತಾ "ಅಯ್ಯೋ, ಬ್ಯಾಡ ಬುಡಿ ಸಾರ್. ನಂಗೇನು, ಎಲ್ಲಿದ್ರೂ ಒಂದೇಯ. ಬ್ಯಾರೆ ಯಾರಿಗಾದ್ರೂ ಕೊಡಿ" ಎನ್ನುತ್ತಿದ್ದರು. ಹಾಗೆಂದು ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು. ಆ ನೋಟ ನನಗೆ ಗೊತ್ತು. ಅದು ಎಲೆಗೆ ಕೈ ಅಡ್ಡ ಹಿಡಿದವರ ನೋಟ. ಗೊತ್ತಿದ್ದೂ ನಾನು ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋದೆ. ಯಾಕೆಂದರೆ ಆಕೆ ಕುರ್ಚಿಗೆ ಹೋದರೆ ಮೇಜಿನ ಮುಂದೆ ಅಂಥ ಬೆರಳು ನನಗೆ ಮತ್ತೆ ಸಿಗುವುದಿಲ್ಲ. ಆಕೆಯ 'ಬೇಡ' ನನಗೆ ಅನುಕೂಲವಾಗಿತ್ತು. ಅದಕ್ಕೇ ಅದನ್ನು ಹಾಲೆಂಡಿನವರಿಗಿಂತ ನಿಷ್ಠೆಯಿಂದ ನಂಬಿದೆ, ಫೈಲಿನಲ್ಲೂ ಬರೆದೆ. ಹೆಂಡ್ರಿಕ್ ಸಾರ್ ತಿಳಿಯದೆ ಮಾಡಿದ್ದನ್ನು ನಾನು ತಿಳಿದೂ ತಿಳಿದೂ ಮೂರು ವರ್ಷ ಮಾಡಿದ್ದೆ.

"ವರ್ಷಕ್ಕೆ ಒಂದೇ ಸಲ" ಎಂದೆ. ಅವರು ಅದನ್ನೂ ಬರೆದುಕೊಂಡರು.

ಮೆಟ್ಟಿಲಿಳಿದು ಗೇಜ್ ರೂಮಿನ ಕಡೆಗೆ ಹೋದೆ. ಒಳಗೆ ಮುನಿರತ್ನಮ್ಮ ಕುರ್ಚಿಯಲ್ಲಿ ಕೂತಿದ್ದರು. ಹನ್ನೊಂದು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಆಕೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಕೆಯನ್ನು ಇಲ್ಲಿಗೆ ಕಳಿಸಿದ್ದು ಪ್ರವೀಣ. ನನ್ನ ಮೇಜಿನ ಮುಂದೆ ಎರಡು ದಿನದಿಂದ ಬೇರೆಯವರು ನಿಂತಿದ್ದಾರೆ ಎಂಬುದನ್ನು ನಾನು ಗಮನಿಸಿದ್ದೆ, ಆದರೆ ನನ್ನ ಸಂಕಟದ ಗದ್ದಲದಲ್ಲಿ ಆಕೆ ಹಬ್ಬಕ್ಕೆ ರಜೆ ಹಾಕಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ನನ್ನನ್ನು ನೋಡಿ ಏಳಲು ಹೋದರು. ಬೇಡ ಕೂತ್ಕೊಳ್ಳಿ ಎಂದೆ. ಆಕೆ ನನ್ನ ಮಾತನ್ನು ನಂಬದೆ ಎದ್ದೇ ನಿಂತರು.

"ಹೆಂಡ್ರಿಕ್ ಸಾರ್ ಹೇಳಿದ್ರು. ಒಳ್ಳೇದಾಯ್ತು" ಎಂದೆ.

"ಎಲ್ಲಾ ನಿಮ್ಮಿಂದಾನೇ ಸಾರ್" ಎಂದರು. ಚುಚ್ಚುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿ ಹೇಳುತ್ತಿದ್ದರು. "ಆವತ್ತು ಟೀ ಅಂಗ್ಡಿ ತಾವ ನೀವೇ ಯೋಳ್ತಿದ್ರಲ್ಲ, ಆ ಸಾರು ಬಾಯ್ಬುಟ್ ಕೇಳುದ್ರೆ ಮಾತ್ರ ಕೊಡೋದು ಅಂತ. ಓಗ್ಲಿ, ಕೇಳೇ ನೋಡುಮ ಅಂತ ಓದೆ. ಅಂಗೇ ಕೊಟ್ಬುಟ್ರು. ಇಷ್ಟೇಯಾ ಅನ್ನುಸ್ಬುಡ್ತು ಸಾರ್ ನಂಗೆ. ಮೂರ್ ವರ್ಸದಿಂದ ನೀವು ಇನ್ನೊಂದ್ ಕಿತ ಕೇಳ್ತೀರೇನೋ, ಇನ್ನೊಂದ್ ಕಿತ ಕೇಳ್ತೀರೇನೋ ಅಂತ ಕಾಯ್ಕೊಂಡೇ ಇದ್ದೆ."

ತಪ್ಪಾಯಿತು ಎಂಬ ಮಾತು ಬಾಯಿಯವರೆಗೂ ಬಂತು. ಕನ್ನಡಿ ಹಿಡಿದು ಅದೊಂದನ್ನು ಹತ್ತು ಸಲ ಹೇಳಿಸುವ ತರಬೇತಿಗೆ ನನ್ನನ್ನು ಯಾರೂ ಕಳಿಸಿರಲಿಲ್ಲ. ಬರೀ "ಮಂಡಿ ಈಗ ಹೇಗಿದೆ?" ಎಂದೆ. ಅದನ್ನೂ ಆಕೆಯನ್ನು ಕೇಳಿದ್ದು ಅದೇ ಮೊದಲು. "ವಾಸಿ ಸಾರ್" ಎಂದು ಆಕೆ ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. "ದೀಪಾವಳಿ ಕಜ್ಜಾಯ, ಮನೇಲ್ ಮಾಡಿದ್ದು. ತಗಳಿ ಸಾರ್."

ಏನೂ ತೆಗೆದುಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಜೀವನದಲ್ಲಿ ಮೊದಲ ಸಲ ನಾನು ಮನಃಪೂರ್ವಕವಾಗಿ ಬೇಡ ಎಂದೆ.

"ಒಂದ್ ತಗಳಿ ಸಾರ್" ಎಂದರು.

"ಬೇಡಮ್ಮ, ನಿಜವಾಗ್ಲೂ ಬೇಡ" ಎಂದೆ.

"ಅಂಗಂದ್ರೆ ಆಯ್ತದಾ? ಬೆಲ್ಲದ್ ಪಾಕ ಚೆಂದಾಗಿ ಬಂದೈತೆ" ಎಂದು ನನ್ನ ಕೈ ಹಿಡಿದು ಅಂಗೈ ಬಿಡಿಸಿ ಎರಡು ಕಜ್ಜಾಯ ಇಟ್ಟರು. ಮೂರು ವರ್ಷದಲ್ಲಿ ಒಮ್ಮೆಯೂ ಎರಡನೇ ಸಲ ಕೇಳದವನನ್ನು ಆಕೆ ಒಂದೇ ನಿಮಿಷದಲ್ಲಿ ಮೂರು ಸಲ ಕೇಳಿಬಿಟ್ಟಿದ್ದರು. ತಲೆ ಬಗ್ಗಿಸಿಕೊಂಡು ತಿಂದೆ. ಪಾಕ ನಿಜಕ್ಕೂ ಚೆನ್ನಾಗಿ ಬಂದಿತ್ತು. ಆಕೆ ಮತ್ತೆ ಡಬ್ಬಿ ಮುಂದೆ ಮಾಡಿದಾಗ "ಸಾಕು, ಸಾಕು" ಎಂದು ಕೈ ಅಡ್ಡ ಹಿಡಿದೆ. ನಾಚಿಕೆಯಿಂದ ಹೇಳುತ್ತಿದ್ದೇನೆ, ಆಗಲೂ ನನ್ನ ಬೆರಳುಗಳ ನಡುವೆ ಇನ್ನೊಂದು ಕಜ್ಜಾಯ ಇಳಿಯುವಷ್ಟು ಸಂದು ಇತ್ತು.